ಅತ್ತಿಗೆಯ ಹೊಟ್ಟೆ, ನನ್ನ ಬಾಯಿ

ನನ್ನ ಅತ್ತಿಗೆಯ ನಾಲಗೆಯ ತುದಿಯಲ್ಲೂ ಅಂಚಿನಲ್ಲೂ ಜೋಳದ ಕಾಳಿನಷ್ಟು ದಪ್ಪದ ಗಂಟುಗಳಿದ್ದವು. ಹುಣ್ಣಲ್ಲ, ಕೀವಿಲ್ಲ, ನೋವಿಲ್ಲ. ನಾಲಗೆಯ ಬಣ್ಣದವೇ, ಗಟ್ಟಿಯಾದವು. ತುಟಿಗಳು ಜೇನುಹುಳ ಕಚ್ಚಿದಂತೆ ಯಾವಾಗಲೂ ದಪ್ಪಗಿರುತ್ತಿದ್ದವು. ನಗುವಾಗ ಸೆರಗನ್ನು ಬಾಯಿಗೆ ತರುತ್ತಿದ್ದಳು. ನೋಡಿದವರು ನಾಚಿಕೆಯ ಹೆಂಗಸು ಎಂದುಕೊಳ್ಳುತ್ತಿದ್ದರು. ಅವಳಿಗೆ ನಾಚಿಕೆ ಅಷ್ಟೇನೂ ಇರಲಿಲ್ಲ. ನಾಲಗೆ ಯಾರ ಕಣ್ಣಿಗೂ ಬೀಳಬಾರದು, ಅಷ್ಟೇ.

ಎತ್ತರದ ಹೆಂಗಸು. ನನ್ನ ಅಣ್ಣನಿಗಿಂತ ಒಂದು ಗೇಣು ಹೆಚ್ಚು. ಮೈಯಲ್ಲಿ ಮಾಂಸವಿಲ್ಲ, ಕೈಕಾಲು ಉದ್ದುದ್ದ, ಬೆರಳುಗಳಂತೂ ಇನ್ನೂ ಉದ್ದ. ಕಾಲುವೆ ಕ್ಯಾಂಪಿನ ಕ್ವಾರ್ಟರ್ಸಿನ ಬಾಗಿಲಲ್ಲಿ ತಲೆ ಬಗ್ಗಿಸಿಯೇ ಒಳಗೆ ಬರಬೇಕು. ಅಣ್ಣನ ಜೊತೆಯವರು ಅವನನ್ನು ಚೇಷ್ಟೆ ಮಾಡುವರು: "ನೀರಿನ ಅಳತಿ ನೋಡಾಕ ಬ್ಯಾರೆ ಕೋಲು ಯಾಕೋ ನಿನಗ? ಹೇಣ್ತಿನ್ನ ಕಾಲುವ್ಯಾಗ ನಿಂದರಸಿದ್ರ ಆತು." ಅಣ್ಣ ನಗುತ್ತಿದ್ದ. ಅತ್ತಿಗೆ ಒಳಗಿನಿಂದಲೇ, "ನಿಂದರತೀನಿ. ಕಡಿಮಿ ನೀರು ಬಿಟ್ಟು ಜಾಸ್ತಿ ಬರ್ಕೊಳ್ಳೋದೆಲ್ಲಾ ಹೊರಗ ಬರ್ತದ, ನೋಡ್ರಿ ಮತ್ತ" ಎನ್ನುತ್ತಿದ್ದಳು.

ಇಷ್ಟು ಬರೆದು ಪೆನ್ನು ಕೆಳಗಿಟ್ಟಿದ್ದೆ. ಅವಳ ನಗೆಮಾತು ಬರೆಯುವುದು ಸುಲಭ. ಅವಳ ಬಗ್ಗೆ ನಾನು ಆಡಿದ ಒಂದು ಮಾತಿದೆ. ಅದನ್ನು ಬರೆಯದೆ ಉಳಿದದ್ದನ್ನೆಲ್ಲ ಬರೆದರೆ ಇದೂ ಇನ್ನೊಂದು ಸುಳ್ಳಾಗುತ್ತದೆ.

ನಮ್ಮ ಊರು ಕೊಂಕಲ್. ತಂದೆತಾಯಿ ಬೇಗ ಹೋದರು. ಕೃಷ್ಣೆಯ ನೀರು ಎಡದಂಡೆ ಕಾಲುವೆಗೆ ಬಂದ ಹೊಸದರಲ್ಲಿ ಅಣ್ಣನಿಗೆ ಗೇಟು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಶಹಾಪುರದ ಹತ್ತಿರದ ಕ್ಯಾಂಪಿನಲ್ಲಿ ಎರಡು ಕೋಣೆಯ ಮನೆ ಕೊಟ್ಟರು. ಮುದನಾಳದಿಂದ ಅತ್ತಿಗೆಯನ್ನು ಮದುವೆಯಾಗಿ ತಂದ. ನನ್ನನ್ನೂ ಹೈಸ್ಕೂಲಿಗೆಂದು ಅಲ್ಲಿಗೇ ಕರೆಸಿಕೊಂಡ. ನಾನು ಮನೆಗೆ ಬಂದ ದಿನ ಅತ್ತಿಗೆ ನನ್ನ ಪಾಟೀಚೀಲ ತೆಗೆದು ಗೂಟಕ್ಕೆ ಹಾಕಿ, "ಇದು ನಿನ್ನ ಗೂಟ. ಇದಕ್ಕ ನಿಮ್ಮಣ್ಣನ ಅಂಗಿ ಹಾಕಾಕ ಬಿಡಂಗಿಲ್ಲ ನಾ" ಎಂದಳು. ಆ ಮನೆಯಲ್ಲಿ ನನ್ನದು ಎಂದು ಇದ್ದದ್ದು ಅದೊಂದು ಗೂಟ. ಅವಳು ಹೇಳಿದಂತೆ ನಡೆದುಕೊಂಡಳು.

ಅವಳಿಗೆ ಓದು ಬರುತ್ತಿರಲಿಲ್ಲ. ಆದರೆ ರೊಟ್ಟಿ ಬಡಿಯುತ್ತ ನನ್ನನ್ನು ಎದುರಿಗೆ ಕೂರಿಸಿಕೊಂಡು ಗಟ್ಟಿಯಾಗಿ ಓದಿಸುತ್ತಿದ್ದಳು. ಮನಸ್ಸಿನಲ್ಲೇ ಓದುತ್ತೇನೆ ಎಂದರೆ ಒಪ್ಪುತ್ತಿರಲಿಲ್ಲ. "ನೀ ಓದಾಕತ್ತೀಯೋ ತೂಕಡಸಾಕತ್ತೀಯೋ ನನಗ ಹ್ಯಾಂಗ ಗೊತ್ತಾಗಬೇಕು?" ಒಮ್ಮೆ ನಾನು ಸೋಮಾರಿತನಕ್ಕೆ ಇತಿಹಾಸದ ಒಂದೇ ಪಾಠವನ್ನು ಎರಡು ದಿನ ಓದಿದೆ. ರೊಟ್ಟಿ ತಿರುವಿ ಹಾಕುತ್ತಲೇ ಕೇಳಿದಳು: "ಈ ರಾಜ ನಿನ್ನಿನೂ ಸತ್ತಿದ್ನಲ್ಲ ತಮ್ಮಾ. ಇವತ್ತ ಮತ್ತ ಯಾಕ ಸಾಯಾಕತ್ಯಾನ?"

ಆ ಉದ್ದ ಬೆರಳುಗಳಲ್ಲಿ ಬಡಿದ ರೊಟ್ಟಿ ಹಂಚಿನ ಅಂಚು ದಾಟುತ್ತಿತ್ತು. ನಮಗೆ ಮೂರು ಮೂರು ಹಾಕಿ ಅವಳು ತಿನ್ನುತ್ತಿದ್ದುದು ಅರ್ಧ. ಅರ್ಧ ತಿಂದರೂ ಅವಳ ಹೊಟ್ಟೆ ಹಲಗೆಯಂತೆ ಬಿಗಿಯುತ್ತಿತ್ತು. ಬಯಲಿಗೆ ಹೋಗುವುದು ಎಂಟು ದಿನಕ್ಕೊಮ್ಮೆ, ಹತ್ತು ದಿನಕ್ಕೊಮ್ಮೆ. ಅದೂ ಔಡಲೆಣ್ಣೆ ಕುಡಿದು, ಓಮು, ಕರಿಯುಪ್ಪು ಅಗಿದು, ಕಾಲುವೆಯ ಏರಿಯ ಮೇಲೆ ಮೈಲಿಗಟ್ಟಲೆ ನಡೆದ ಮೇಲೆ. ನಮ್ಮ ಕಡೆ ಆಗ ವಾರಬಂದಿ ಹೊಸದಾಗಿ ಬಂದಿತ್ತು. ಒಂದೊಂದು ಹೊಲಕ್ಕೆ ವಾರದಲ್ಲಿ ಇಂತಿಷ್ಟೇ ಹೊತ್ತು ನೀರು ಎಂದು ಪಾಳಿ ಹಚ್ಚುವ ಪದ್ಧತಿ. ಅತ್ತಿಗೆ ಹೊಟ್ಟೆ ಹಿಡಿದುಕೊಂಡೇ ನಗುತ್ತಿದ್ದಳು: "ನಂದು ವಾರಬಂದಿ ಹೊಟ್ಟಿ. ಪಾಳಿ ಬಂದಾಗಷ್ಟೇ ಬಿಡ್ತದ. ತಕರಾರು ಇದ್ರ ಇಂಜಿನಿಯರಗ ಅರ್ಜಿ ಬರಿ ತಮ್ಮಾ."

ಚಿಕ್ಕಂದಿನಿಂದ ಹೀಗೇ ಅಂತೆ. ಅವಳ ತಂದೆಗೂ ಹೀಗೇ ಇತ್ತಂತೆ. "ನಮ್ಮಪ್ಪಂದೂ ಇದೇ ನಾಲಗಿ, ಇದೇ ಹೊಟ್ಟಿ. ಕೊನೀಗಿ ಕುತ್ತಿಗ್ಯಾಗ ಗಡ್ಡಿ ಬಂದು ಹೋದ" ಎಂದು, ಬೇರೆಯವರು ತಮ್ಮ ಮೂಗು ತಂದೆಯ ಮೂಗು ಎನ್ನುವಷ್ಟೇ ಸಹಜವಾಗಿ ಹೇಳುತ್ತಿದ್ದಳು. ದೇವರ ಎಡೆಯನ್ನು ಕದ್ದು ತಿಂದವರಿಗೆ ನಾಲಗೆಯಲ್ಲಿ ಗಂಟೇಳುತ್ತದೆ ಎಂದು ಮುದನಾಳದ ಗೆಳತಿಯರು ಕಾಡುತ್ತಿದ್ದರಂತೆ. "ಕದ್ದಿದ್ದು ಖರೇನ. ಆದ್ರ ಗಂಟು ಮೊದಲೇ ಇದ್ವು. ಹ್ಯಾಂಗೂ ಹೆಸರು ಬಂದಾದ, ತಿಂದರ ನೋಡೂಣಂತ ತಿಂದೆ."

ಇನ್ನೊಂದು ಸಂಗತಿ. ಅವಳ ಕಣ್ಣಿನಲ್ಲಿ ನೀರು ಬರುತ್ತಿರಲಿಲ್ಲ. ಕ್ಯಾಂಪಿನಲ್ಲಿ ಯಾರ ಮನೆಯ ಮದುವೆಯಾದರೂ ಉಳ್ಳಾಗಡ್ಡಿ ಹೆಚ್ಚಲು ಅವಳನ್ನೇ ಕರೆಯುವರು. ಎಲ್ಲರೂ ಮೂಗು ಒರೆಸಿಕೊಂಡು ಎದ್ದು ಓಡುತ್ತಿದ್ದರೆ ಅವಳು ಬುಟ್ಟಿಗಟ್ಟಲೆ ಹೆಚ್ಚಿ ಕೈ ತೊಳೆದುಕೊಂಡು ಬರುತ್ತಿದ್ದಳು. ಆಗ ನಮಗೆ ಅದೊಂದು ತಮಾಷೆ.

ನಾನು ಎಸ್ಸೆಸ್ಸೆಲ್ಸಿ ಪಾಸಾಗಿ ಎರಡು ವರ್ಷ ಕೆಲಸವಿಲ್ಲದೆ ತಿರುಗುತ್ತಿದ್ದಾಗ ಅಣ್ಣ ಸತ್ತ. ಗೇಟಿನ ಬಾಯಿಗೆ ಕಸ, ಜಾಲಿಕಂಟಿ ಸಿಕ್ಕಿಕೊಂಡಿತ್ತು. ತೆಗೆಯಲು ಇಳಿದವನನ್ನು ನೀರು ಎಳೆದುಕೊಂಡಿತು. ಹೆಣವನ್ನು ಕೊಂಕಲ್‌ಗೆ, ದೊಡ್ಡಪ್ಪನ ಮನೆಗೆ ತಂದೆವು. ಅತ್ತಿಗೆ ಹೆಣದ ಮೇಲೆ ಬಿದ್ದು ಹೊರಳಿದಳು. ಗಂಟಲು ಹರಿಯುವಂತೆ ಕೂಗಿದಳು, ಎದೆ ಬಡಿದುಕೊಂಡಳು. ಕಣ್ಣು ಮಾತ್ರ ಒಣಗಿದ್ದವು. ಒಂದು ಹನಿ ಇಲ್ಲ. ಸುತ್ತ ಕುಳಿತ ಹೆಂಗಸರು ತಮ್ಮ ಅಳು ನಿಲ್ಲಿಸಿ ಅವಳ ಮುಖ ನೋಡತೊಡಗಿದರು. "ನೋಡ್ರೇ, ಬಾಯಿಲೇ ಅಷ್ಟ ಅಳಾಕತ್ಯಾಳ" ಎಂದು ಒಬ್ಬಳು ಅಂದಳು. ಉಳ್ಳಾಗಡ್ಡಿಯ ವಿಷಯ ಗೊತ್ತಿದ್ದ ನಾನು ಆಗ ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಅದು ಮೊದಲನೆಯದು.

ಕೆಲಸದ ಮೇಲೆ ಸತ್ತವನ ಮನೆಯವರಿಗೆ ಇಲಾಖೆಯಲ್ಲಿ ನೌಕರಿ ಕೊಡುತ್ತಿದ್ದರು. ಆಫೀಸಿನ ದೊಡ್ಡ ಗುಮಾಸ್ತರು ನನಗೆ ಹೇಳಿದರು: "ಮೊದಲ ಹಕ್ಕು ಹೇಣ್ತಿದು. ಆಕಿ ನನಗ ಬ್ಯಾಡ, ಮೈದುನಗ ಕೊಡ್ರಿ ಅಂತ ಹೆಬ್ಬೆಟ್ಟು ಒತ್ತಿದ್ರ ನಿನಗ." ನಾನು ಬಂದು ಅತ್ತಿಗೆಗೆ ಹೇಳಿದೆ. ಅವಳು ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕುಳಿತಿದ್ದಳು. ಮಗಳಿಗೆ ಆಗ ಮೂರು ವರ್ಷ. "ನಾನೇ ಮಾಡ್ತೀನಿ ತಮ್ಮಾ. ಗೇಟ್ ತಿರುವೂದು ನನಗ ಬರ್ತದ. ನಿಮ್ಮಣ್ಣಗ ಜ್ವರ ಬಂದಾಗ ಯಾರು ತಿರುವಿದ್ರು ಅಂದ್ಕೊಂಡಿ? ನೀ ಓದಿದಾಂವ, ನಿನಗ ಬ್ಯಾರೆ ಸಿಗ್ತದ" ಎಂದಳು. ಸಿಗುವುದಿಲ್ಲವೆಂದು ನನಗೆ ಗೊತ್ತಿತ್ತು. ಎರಡು ವರ್ಷ ತಿರುಗಿದವನು ನಾನು.

ಗಂಡ ಸತ್ತವಳು ಮೂಲೆಯಲ್ಲಿ ಕೂರಬೇಕೆಂದು ದೊಡ್ಡಮ್ಮ ಅವಳನ್ನು ಒಳಕೋಣೆಯಲ್ಲಿ ಕೂರಿಸಿದರು. ನಡೆಯುವುದು ನಿಂತಿತು. ಔಡಲೆಣ್ಣೆ ಕೇಳಲು ಅವಳಿಗೆ ಸಂಕೋಚ. ನಾಲ್ಕು ತಿಂಗಳಾಗುವ ಹೊತ್ತಿಗೆ ಅವಳ ಹೊಟ್ಟೆ ಸೀರೆಯ ಮೇಲಿಂದಲೇ ಎದ್ದು ಕಾಣತೊಡಗಿತು. ಮೈ ಒಣಗಿದ ಕಟ್ಟಿಗೆ, ನಡುವೆ ಆ ಹೊಟ್ಟೆ. ವಾಂತಿಯೂ ಆಗುತ್ತಿತ್ತು. ಬಾವಿಯ ಹತ್ತಿರ ಹೆಂಗಸರು ಬೆರಳು ಮಡಚಿ ತಿಂಗಳು ಲೆಕ್ಕ ಹಾಕಿದರು. ಅಣ್ಣ ಸಾಯುವ ಮುಂಚಿನ ಎರಡು ತಿಂಗಳು ನೀರು ಬಿಡುವ ಗಡಿಬಿಡಿಯಲ್ಲಿ ಗೇಟಿನ ಹತ್ತಿರದ ಗುಡಿಸಲಿನಲ್ಲೇ ಇದ್ದ, ಮನೆಗೆ ಬಂದಿರಲಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಆ ಮಾತನ್ನು ಬಾವಿಯ ತನಕ ಒಯ್ದವನು ನಾನೇ ಇರಬೇಕು.

ಹಿರಿಯರು ದೊಡ್ಡಪ್ಪನ ಮನೆಯೆದುರಿನ ಹಣಮಪ್ಪನ ಗುಡಿಯ ಕಟ್ಟೆಯ ಮೇಲೆ ಕೂಡಿದರು. ಪಕ್ಕದ ಹಳ್ಳಿಯಿಂದ ಸೂಲಗಿತ್ತಿಯನ್ನು ಕರೆಸಿದರು. ನಮ್ಮಲ್ಲಿ ಆಗ ಒಂದು ರೂಢಿ ಇತ್ತು. ಹೆಂಗಸಿನ ಮೈಯ ಸಂಗತಿಯನ್ನು ಸೂಲಗಿತ್ತಿ ಕಟ್ಟೆಯ ಮುಂದೆ ಹೇಳುವಂತಿಲ್ಲ. ಮನೆಯ ಒಬ್ಬ ಗಂಡಸಿಗೆ ಹಿತ್ತಲಲ್ಲಿ ಹೇಳಿ, ಹಿಂದಿನ ಬಾಗಿಲಿನಿಂದ ಹೋಗಿಬಿಡಬೇಕು. ಕೇಳಿಸಿಕೊಂಡವನು ಕಟ್ಟೆಗೆ ಬಂದು ಹೇಳಬೇಕು. ಅವನ ಬಾಯಿಂದ ಬಂದದ್ದೇ ಪ್ರಮಾಣ. ದೊಡ್ಡಪ್ಪ ಕಟ್ಟೆಯ ಮೇಲೆ ಕುಳಿತಿದ್ದರಿಂದ ಹಿತ್ತಲಲ್ಲಿ ನಿಂತವನು ನಾನು.

ಸೂಲಗಿತ್ತಿ ಬಹಳ ಹೊತ್ತು ಒಳಗಿದ್ದಳು. ಹೊರಗೆ ಬಂದವಳು ಕೈ ತೊಳೆಯುತ್ತ ನನ್ನನ್ನು ಹತ್ತಿರ ಕರೆದು ಹೇಳಿದಳು: "ಇದು ಕೂಸಲ್ಲಪಾ. ಬೆರಳಿಟ್ಟು ಒತ್ತಿದ್ರ ಗುಳಿ ಬೀಳ್ತದ, ನಾದಿದ ಹಿಟ್ಟಿಗಿ ಬಿದ್ದಂಗ. ಕೂಸಿನ ತಲಿ ಹಂಗ ಇರಂಗಿಲ್ಲ. ಮಲ ಕಟ್ಟಿ ತುಂಬ್ಕೊಂಡಾದ. ಇದು ನನ್ನ ಕೈಲೇ ಆಗೂದಲ್ಲ. ಜಲ್ದಿ ದೊಡ್ಡ ದವಾಖಾನಿಗಿ ಒಯ್ರಿ, ಇಲ್ಲಂದ್ರ ಹೋಗ್ತಾಳ."

ಹಿತ್ತಲಿನಿಂದ ಕಟ್ಟೆಗೆ ಒಂದು ಸಣ್ಣ ಓಣಿ. ಆ ಓಣಿಯಲ್ಲಿ ನಡೆಯುವಾಗ ನಾನು ಏನು ಯೋಚಿಸಿದೆ ಎಂದು ನೆನಪಿಸಿಕೊಳ್ಳಲು ಈ ವಯಸ್ಸಿನಲ್ಲೂ ಹೆದರಿಕೆಯಾಗುತ್ತದೆ. ಏಕೆಂದರೆ ಹೆಚ್ಚೇನೂ ಯೋಚಿಸಿರಲಿಲ್ಲ. ಸಿಟ್ಟೂ ಇರಲಿಲ್ಲ. ಗುಮಾಸ್ತರು ಕೊಟ್ಟಿದ್ದ ಹೆಬ್ಬೆಟ್ಟಿನ ಕಾಗದ ನನ್ನ ಅಂಗಿಯ ಜೇಬಿನಲ್ಲಿ ಮಡಚಿ ಇತ್ತು.

"ಏನಂದಳು?" ಎಂದರು ದೊಡ್ಡಪ್ಪ.

"ಐದು ತಿಂಗಳಂತ" ಎಂದೆ.

ಎರಡೇ ಶಬ್ದ. ನನ್ನ ದನಿ ನಡುಗಲೂ ಇಲ್ಲ.

ಅತ್ತಿಗೆ ಬಾಗಿಲಿಗೆ ಬಂದಳು. ಗೋಡೆ ಹಿಡಿದು ತಲೆ ಬಗ್ಗಿಸಿ ಹೊರಗೆ ಬಂದು ನೆಟ್ಟಗೆ ನಿಂತಳು. ಕಟ್ಟೆಯ ಮೇಲಿನವರನ್ನು ನೋಡಲಿಲ್ಲ, ನನ್ನನ್ನು ನೋಡಿದಳು. "ತಮ್ಮಾ, ಆಕಿ ಹಂಗಂದಳು?" ಎಂದಳು. ನಾನು ನೆಲ ನೋಡಿದೆ. ಸೂಲಗಿತ್ತಿ ಒಳಗೆ ಅವಳಿಗೂ ನಿಜ ಹೇಳಿಯೇ ಬಂದಿದ್ದಳು ಎಂಬುದು ನನಗೆ ಆಗ ಹೊಳೆದಿರಲಿಲ್ಲ. ಅವಳಿಗೆ ಎಲ್ಲವೂ ಗೊತ್ತಿತ್ತು. ಆದರೂ ನನ್ನ ಸುಳ್ಳನ್ನು ಅವಳು ಕಟ್ಟೆಗೆ ಎತ್ತಿ ತೋರಿಸಲಿಲ್ಲ. "ಹಂಗಾರ ನಾಕು ತಿಂಗಳು ತಡೀರಿ. ಕೂಸು ಬಂದ್ರ ನನ್ನ ಕಾಲುವ್ಯಾಗ ಹಾಕ್ರಿ" ಎಂದಳು, ಅಷ್ಟೇ.

ಯಾರೂ ಕಾಯಲಿಲ್ಲ. ಮನೆ ಬಿಡಬೇಕು, ನೌಕರಿಯೂ ಬೇಡವೆಂದು ಬರೆದುಕೊಡಬೇಕು ಎಂದಿತು ಕಟ್ಟೆ. ಅದೇ ದಿನ ಹೆಬ್ಬೆಟ್ಟು ಒತ್ತಿಸಿದೆವು. ನಾನೇ ಅವಳ ಉದ್ದನೆಯ ಹೆಬ್ಬೆರಳು ಹಿಡಿದು ಮಸಿಗೆ ಒತ್ತಿದೆ. ಮಗಳನ್ನು ಎತ್ತಿಕೊಂಡು ಅವಳು ಮುದನಾಳದ ದಾರಿ ಹಿಡಿದಳು. ಮೂರು ದಿನದ ನಂತರ ಸೂಲಗಿತ್ತಿ ಸುದ್ದಿ ಕೇಳಿ ಓಡಿ ಬಂದಳು. ಓಣಿಯಲ್ಲಿ ನಿಂತು, "ನನ್ನ ಕೈಗಿ ಸುಳ್ಳು ಹಚ್ಯಾನ ಈ ಹುಡುಗ!" ಎಂದು ಕೂಗಿದಳು. ಆ ರಂಡಮುಂಡೆ ಇವಳಿಗೂ ಏನೋ ಕೊಟ್ಟು ಒಲಿಸಿಕೊಂಡಿದ್ದಾಳೆ ಎಂದು ಊರು ನಕ್ಕಿತು. ನಾನೂ ನಕ್ಕೆನೇನೋ.

ನಾಲ್ಕು ತಿಂಗಳಾಯಿತು, ಆರಾಯಿತು. ಕೂಸು ಬರಲಿಲ್ಲ. ರಾಯಚೂರಿಗೆ ಹೋಗಿ ತೆಗೆಸಿಕೊಂಡು ಬಂದಾಳ ಎಂದರು. ನಿಜ ಕಣ್ಣೆದುರು ಬಂದು ನಿಂತರೂ ಅದಕ್ಕೆ ಕೂರಲು ಜಾಗವಿರಲಿಲ್ಲ. ಅಲ್ಲಿ ನನ್ನ ಎರಡು ಶಬ್ದ ಮೊದಲೇ ಕುಳಿತಿದ್ದವು.

ನಾನು ಅಣ್ಣನ ಗೇಟಿಗೇ ಸೇರಿದೆ. ಅವನ ಕ್ವಾರ್ಟರ್ಸಿನಲ್ಲೇ ಸಂಸಾರ ಹೂಡಿದೆ. ಹತ್ತು ವರ್ಷ ಕಳೆಯಿತು. ಅತ್ತಿಗೆ ಮುದನಾಳದಲ್ಲಿ ಹತ್ತಿ ಬಿಡಿಸಲು, ಕಸ ತೆಗೆಯಲು ಕೂಲಿಗೆ ಹೋಗುತ್ತಾಳೆ ಎಂದು ಅವರಿವರು ಹೇಳುತ್ತಿದ್ದರು. ಅವಳ ತಾಯಿ ಬಿಸಿನೀರು, ಎಣ್ಣೆ ಹಾಕಿ ಆ ಸಲ ಹೇಗೋ ಉಳಿಸಿಕೊಂಡಿದ್ದಳಂತೆ.

ಒಂದು ಮಧ್ಯಾಹ್ನ ಅವಳ ತಮ್ಮ ಕ್ಯಾಂಪಿಗೆ ಬಂದ. ಒಳಗೆ ಬಾ ಎಂದರೆ ಬರಲಿಲ್ಲ. ಬಿಸಿಲಲ್ಲೇ ನಿಂತು, "ಅಕ್ಕನ್ನ ಯಾದಗಿರಿ ದವಾಖಾನಿಗಿ ಹಾಕೀವಿ. ನಿನ್ನ ಕರಕೊಂಡು ಬಾ ಅಂದಾಳ. ನಾ ಕರಿಯೂದಿಲ್ಲಂದಿದ್ದೆ" ಎಂದ.

ಅವನ ಹಿಂದೆ ಯಾದಗಿರಿಗೆ ಹೋದೆ. ಮಂಚ ಸಾಲದಷ್ಟು ಉದ್ದದ ಕಾಲುಗಳು, ತೊಗಲಿಗೆ ಅಂಟಿದ ಎಲುಬು, ನಡುವೆ ಬುಡ್ಡೆಯಂತೆ ಆ ಹೊಟ್ಟೆ. ಕತ್ತಿನ ಒಂದು ಪಕ್ಕ ನಿಂಬೆಹಣ್ಣಿನಷ್ಟು ಉಬ್ಬು. ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡಳು. "ಬರ್ರಿ" ಎಂದಳು. ಆ 'ರಿ' ನನ್ನ ಕಪಾಳಕ್ಕೆ ಬಿದ್ದಂತಾಯಿತು. "ಡಾಕ್ಟರ್ ಚೀಟಿ ಇಂಗ್ಲಿಷಿನ್ಯಾಗ ಬರೀತಾರ. ನಮ್ಮ ಪೈಕಿ ಓದಾಂವ ನೀವೊಬ್ರೇ. ನಾನೇ ಓದಸೀನಲ್ಲ."

ಅಲ್ಲಿದ್ದ ಡಾಕ್ಟರು ಮೈಸೂರು ಕಡೆಯ ಹುಡುಗಿ, ಹೊಸಬಳು. ಹೊಟ್ಟೆ ಮುಟ್ಟಿ ನೋಡಿದಳು, ಎಕ್ಸ್‌ರೇ ತರಿಸಿದಳು. ಕರುಳು ತೋಳಿನ ದಪ್ಪಕ್ಕೆ ಹಿಗ್ಗಿ ತುಂಬಿಕೊಂಡಿದೆ ಎಂದು ನನಗೆ ಬೆಳಕಿಗೆ ಹಿಡಿದು ತೋರಿಸಿದಳು. ಆಮೇಲೆ, "ಬಾಯಿ ತೆಗೀರಮ್ಮ" ಎಂದು ಬ್ಯಾಟರಿ ಬಿಟ್ಟಳು. ಬಿಟ್ಟವಳು ಹಾಗೇ ನಿಂತಳು. ತುಟಿ ಮಡಚಿ ನೋಡಿದಳು. ರೆಪ್ಪೆ ನೋಡಿದಳು. ಉದ್ದ ಬೆರಳುಗಳನ್ನು ತನ್ನ ಅಂಗೈ ಮೇಲಿಟ್ಟುಕೊಂಡು ನೋಡಿದಳು. ಕತ್ತಿನ ಗಡ್ಡೆಯನ್ನು ಎರಡು ಸಲ ಮುಟ್ಟಿ ನೋಡಿದಳು.

"ಚಿಕ್ಕಂದಿನಿಂದ ಅತ್ತರೆ ಕಣ್ಣಲ್ಲಿ ನೀರು ಬರುತ್ತಿತ್ತಾ?" ಎಂದು ಕೇಳಿದಳು.

ಹೆಣದ ಸುತ್ತ ಕುಳಿತು ಮುಖ ನೋಡಿದ ಆ ಹೆಂಗಸರಲ್ಲಿ ಒಬ್ಬಳೂ ಕೇಳದ ಪ್ರಶ್ನೆಯನ್ನು, ಇವಳನ್ನು ಹಿಂದೆಂದೂ ನೋಡದ ಒಬ್ಬ ಹುಡುಗಿ ಕೇಳುತ್ತಿದ್ದಳು.

"ಇಲ್ರಿ. ಎಂದೂ ಬಂದಿಲ್ಲ" ಎಂದಳು ಅತ್ತಿಗೆ.

ಡಾಕ್ಟರು ನನ್ನನ್ನೂ ಅವಳ ತಮ್ಮನನ್ನೂ ನೋಡಿ ನಿಧಾನವಾಗಿ ಹೇಳಿದಳು. ಇದು ಬರೀ ಹೊಟ್ಟೆಯ ಕಾಯಿಲೆಯಲ್ಲ. ತುಟಿಯಿಂದ ಕೊನೆಯ ತನಕ, ಅನ್ನ ಹೋಗುವ ದಾರಿಯುದ್ದಕ್ಕೂ ನರಗಳು ಗಂಟುಗಂಟಾಗಿ ಬೆಳೆದಿವೆ. ನಾಲಗೆಯ ಮೇಲೆ ಕಾಣುವುದು ಕರುಳಿನಲ್ಲೂ ಇದೆ. ಅದಕ್ಕೇ ಕರುಳಿಗೆ ತಳ್ಳುವ ಶಕ್ತಿಯಿಲ್ಲ. ಇಂಥವರಿಗೆ ಕತ್ತಿನ ಥೈರಾಯ್ಡ್ ಗ್ರಂಥಿಯಲ್ಲಿ ಕ್ಯಾನ್ಸರ್ ಬರುತ್ತದೆ. "ಬರಬಹುದು ಅಂತಲ್ಲ. ಬಂದೇ ಬರುತ್ತೆ. ಓದುವಾಗ ಒಬ್ಬರನ್ನ ನೋಡಿದ್ದೆ, ಅದಕ್ಕೇ ಗೊತ್ತಾಯ್ತು. ಇದು ವಂಶದಲ್ಲಿ ಬರೋದು. ಇವರ ತಂದೆ ಹೇಗೆ ಹೋದರು?"

"ಕುತ್ತಿಗಿ ಗಡ್ಡಿಲೇ" ಎಂದ ಅವಳ ತಮ್ಮ.

"ಮಕ್ಕಳು?"

"ಒಬ್ಬಾಕಿ ಮಗಳು. ಹದಿಮೂರು ವರ್ಷ."

"ಅವಳ ನಾಲಗೆ?"

ಅತ್ತಿಗೆಯೇ ಹೇಳಿದಳು: "ನಂದೇರಿ. ಹೊಟ್ಟಿನೂ ನಂದೇ."

"ಈ ವಾರವೇ ಕರಕೊಂಡು ಬನ್ನಿ. ಗಡ್ಡೆ ಏಳುವ ಮುಂಚೆ ಆ ಗ್ರಂಥಿ ತೆಗೆದರೆ ಹುಡುಗಿ ಉಳೀತಾಳೆ. ತಡ ಮಾಡಿದರೆ ಇಲ್ಲ." ಆಮೇಲೆ ಎಕ್ಸ್‌ರೇ ನನ್ನ ಕೈಗೆ ಕೊಡುತ್ತ ಕೇಳಿದಳು: "ಹೊಟ್ಟೆ ಹೀಗೆ ಉಬ್ಬಿದ್ದು ಇದೇ ಮೊದಲಲ್ಲ ಅಲ್ವಾ? ಹಿಂದೆಯೇ ದೊಡ್ಡ ಆಸ್ಪತ್ರೆಗೆ ಯಾಕೆ ಒಯ್ಯಲಿಲ್ಲ? ಅಲ್ಲಿ ಯಾರಾದರೂ ನಾಲಗೆ ನೋಡಿದ್ದರೆ ಇವರೂ ಉಳಿಯಬಹುದಿತ್ತು."

ಅತ್ತಿಗೆ ಸೂರಿನ ಕಡೆ ನೋಡುತ್ತ, "ಆಗ ಇವರಿಗಿ ಭಾಳ ಕೆಲಸ ಇತ್ರಿ" ಎಂದಳು.

ಹುಡುಗಿಯನ್ನು ತರಲು ನಾನು, ಅವಳ ತಮ್ಮ ಮುದನಾಳಕ್ಕೆ ಹೋದೆವು. ಅತ್ತಿಗೆಯ ತಾಯಿ, ಇಬ್ಬರು ಹಿರಿಯರು ಅಂಗಳದಲ್ಲಿ ಕುಳಿತಿದ್ದರು. ಡಾಕ್ಟರು ಹೇಳಿದ್ದನ್ನು ಹೇಳಿದೆ. ನಾಲಗೆ, ಕರುಳು, ಗ್ರಂಥಿ, ಹೈದರಾಬಾದಿನಲ್ಲಿ ಆಪರೇಷನ್. ಮುದುಕಿ ಕೊನೆತನಕ ಕೇಳಿಸಿಕೊಂಡು ಹೇಳಿದಳು: "ಹತ್ತು ವರ್ಷದ ಹಿಂದ ನನ್ನ ಮಗಳ ಹೊಟ್ಟ್ಯಾಗ ಕೂಸು ಅದ ಅಂದಿ. ಈಗ ಮೊಮ್ಮಗಳ ಕುತ್ತಿಗಿ ಕೊಯ್ಯಬೇಕಂತಿ. ಆರಾಮ ಇದ್ದ ಹುಡುಗಿ! ನಿನ್ನ ಬಾಯಾಗ ಬಂದ ಮಾತು ನಂಬಿ ಕಳಸ್ಲೇನು?"

ದವಾಖಾನೆಯಲ್ಲಿ ತಾನೂ ಕೇಳಿದ್ದರೂ, ನನ್ನ ಜೊತೆ ಸೇರಿ ಹೇಳಲು ಅತ್ತಿಗೆಯ ತಮ್ಮನಿಗೂ ನಾಲಗೆ ಏಳಲಿಲ್ಲ. ಹುಡುಗಿ ಬಾಗಿಲ ಹತ್ತಿರ ನಿಂತಿದ್ದಳು. ಅದೇ ಎತ್ತರ, ಅದೇ ತುಟಿ. ಕತ್ತು ಇನ್ನೂ ನಯವಾಗಿತ್ತು. ನಾನು ಸುಮ್ಮನಿದ್ದಷ್ಟು ದಿನ ಆ ಕತ್ತಿನೊಳಗೆ ಅದು ಬೆಳೆಯುತ್ತದೆ.

"ಅವತ್ತ ಸೂಲಗಿತ್ತಿ ಕೂಸಲ್ಲಂದಿದ್ದಳು" ಎಂದೆ. "ದವಾಖಾನಿಗಿ ಒಯ್ರಿ ಅಂದಿದ್ದಳು. ನಾ ಕಟ್ಟಿಗಿ ಬಂದು ಐದು ತಿಂಗಳಂತ ಸುಳ್ಳು ಹೇಳಿದೆ. ನೌಕರಿ ಸಲುವಾಗಿ ಹೇಳಿದೆ. ನಿಮ್ಮ ಮಗಳದೇನೂ ತಪ್ಪಿಲ್ಲ."

ಅತ್ತಿಗೆಯ ತಮ್ಮ ಕಾಲಿನ ಚಪ್ಪಲಿ ತೆಗೆದು ನನಗೆ ಹೊಡೆದ. ಎರಡನೆಯ ಏಟಿಗೆ ನಾನು ಕೆಳಗೆ ಬಿದ್ದೆ. ಬಿಡಿಸಲು ಯಾರೂ ಬರಲಿಲ್ಲ. ಬರಲಿ ಎಂದು ನಾನೂ ಬಯಸಲಿಲ್ಲ. ಮುದುಕಿಯೇ ಕೊನೆಗೆ, "ಸಾಕು ಬಿಡು" ಎಂದಳು. "ಸುಳ್ಳು ಹೇಳಾಂವ ತನ್ನ ಮಾರಿಗಿ ತಾನೇ ಸಗಣಿ ಬಳಕೊಳ್ಳಂಗಿಲ್ಲ. ಇವತ್ತ ಖರೇ ಹೇಳ್ಯಾನ. ಹುಡುಗಿನ್ನ ಕರಕೊಂಡು ಹೋಗ್ರಿ."

ಬಸ್ಸಿನಲ್ಲಿ ಹುಡುಗಿ ನನ್ನ ಪಕ್ಕ ಕೂರಲಿಲ್ಲ. ಯಾದಗಿರಿಯಲ್ಲಿ ಇಳಿದಾಗ ಕೇಳಿದಳು: "ನಿಮಗ ಕಾಕಾ ಅನ್ನಬೇಕೇನ್ರಿ?"

"ಅನಬ್ಯಾಡವ್ವ" ಎಂದೆ.

"ಛಲೋ ಆತು" ಎಂದಳು.

ಹೈದರಾಬಾದಿನಲ್ಲಿ ಗ್ರಂಥಿ ತೆಗೆದರು. ಒಳಗೆ ಆಗಲೇ ಸಾಸಿವೆಯಷ್ಟು ಶುರುವಾಗಿತ್ತು, ಹರಡಿರಲಿಲ್ಲ. ಇವತ್ತಿಗೂ ಅವಳು ಬೆಳಿಗ್ಗೆ ಒಂದು ಗುಳಿಗೆ ನುಂಗುತ್ತಾಳೆ, ವರ್ಷಕ್ಕೊಮ್ಮೆ ರಕ್ತ ತೋರಿಸುತ್ತಾಳೆ. ಬದುಕಿದ್ದಾಳೆ. ಅತ್ತಿಗೆಗೆ ಕಲಬುರಗಿಯಲ್ಲಿ ಕರುಳು ಕೊಯ್ದು ಹೊಟ್ಟೆಯ ಪಕ್ಕಕ್ಕೆ ದಾರಿ ಮಾಡಿ ಚೀಲ ಕಟ್ಟಿದರು. ಹೊಟ್ಟೆ ಇಳಿಯಿತು. ಹುಟ್ಟಿದ ಮೇಲೆ ಮೊದಲ ಸಲ ಒಂದು ಇಡೀ ರೊಟ್ಟಿ ತಿಂದಳು ಎಂದು ಅವಳ ತಾಯಿ ಹೇಳಿದಳು. ಕತ್ತಿನ ಗಡ್ಡೆ ಮಾತ್ರ ಎದೆಗೆ ಇಳಿದುಬಿಟ್ಟಿತ್ತು. ಅದಕ್ಕೆ ಯಾರ ಹತ್ತಿರವೂ ಔಷಧ ಇರಲಿಲ್ಲ.

ನಾನು ನೌಕರಿ ಬಿಟ್ಟುಬಿಡುತ್ತೇನೆ ಎಂದು ಅವಳ ಮುಂದೆ ಹೋಗಿ ನಿಂತೆ. ನನ್ನನ್ನು ಕ್ಷಮಿಸು ಎನ್ನುವ ಧೈರ್ಯ ಇರಲಿಲ್ಲ. ಅದರ ಬದಲು ಇದನ್ನು ಹೇಳಿದೆ. ಅವಳಿಗೆ ನಗು ಬಂತು. ಗಂಟಲು ಕಟ್ಟಿ ದನಿ ಗೊಗ್ಗರಾಗಿತ್ತು. "ಬಿಟ್ಟು ಏನ ಮಾಡ್ತೀರಿ? ನನಗ ಗೇಟ್ ತಿರುವಾಕ ಬರ್ತದೇನು ಈಗ? ಬ್ಯಾರೆ ಕೆಲಸ ಅದ, ಅದು ಮಾಡ್ರಿ." ಅವಳ ತಂದೆಯ ಅಣ್ಣತಮ್ಮಂದಿರು, ಅಕ್ಕತಂಗಿಯರು, ಅವರ ಮಕ್ಕಳು ಮೊಮ್ಮಕ್ಕಳು ಶಹಾಪುರ, ಸುರಪುರ, ಕಡೇಚೂರು ಕಡೆ ಹರಡಿಕೊಂಡಿದ್ದರು. ಒಂದೊಂದೇ ಮನೆಯ ಗುರುತು ಹೇಳಿದಳು. ನಾನು ಬರೆದುಕೊಂಡೆ. "ಎಲ್ಲಾರ ನಾಲಗಿ ನೋಡ್ರಿ. ಆದ್ರ ಮೊದಲ ನೀವು ಮಾಡಿದ್ದು ಹೇಳ್ರಿ, ಆಮ್ಯಾಲ ನಾಲಗಿ ಕೇಳ್ರಿ. ಹಂಗಾದ್ರ ನಂಬ್ತಾರ."

ರಜೆ ಹಾಕಿ ಮನೆಮನೆಗೆ ಹೋದೆ. ಮೊದಲ ಮನೆಯ ಹೊಸ್ತಿಲಲ್ಲಿ ನನ್ನ ಸುಳ್ಳು ಹೇಳಲು ಅರ್ಧ ಗಂಟೆ ಹಿಡಿಯಿತು. ಸುರಪುರದಲ್ಲಿ ಒಬ್ಬ ಮುದುಕ, "ಸಂತ್ಯಾಗ ದನದ ಹಲ್ಲು ನೋಡಂಗ ನಾಲಗಿ ನೋಡಾಕ ಬಂದೀಯೇನಪಾ?" ಎಂದು ಹೀಯಾಳಿಸಿ, ಆಮೇಲೆ ತಾನೇ ಮೊಮ್ಮಕ್ಕಳನ್ನು ಸಾಲಾಗಿ ನಿಲ್ಲಿಸಿದ. ಇನ್ನೊಂದು ಮನೆಯಲ್ಲಿ ನನ್ನ ಮಾತು ಮುಗಿಯುವ ಮುಂಚೆಯೇ ಕದ ಹಾಕಿದರು. ಮರುದಿನ ಮತ್ತೆ ಹೋದೆ. ಐದು ಮನೆಗಳಲ್ಲಿ ಏನೂ ಇರಲಿಲ್ಲ. ಆರನೆಯದು ಕಡೇಚೂರಿನಲ್ಲಿ. ಅತ್ತಿಗೆಯ ದೊಡ್ಡಪ್ಪನ ಮೊಮ್ಮಗನ ಮಗಳು, ಆರು ವರ್ಷದವಳು, ಬಾಯಿ ತೆರೆದಳು. ನಾಲಗೆಯ ತುದಿಯಲ್ಲೂ ಅಂಚಿನಲ್ಲೂ ಅವೇ ಗಂಟುಗಳು.

ಅಲ್ಲಿಂದ ನೆಟ್ಟಗೆ ಮುದನಾಳಕ್ಕೆ ಬಂದೆ. ಅತ್ತಿಗೆಗೆ ಆಗ ನೀರು ಮಾತ್ರ ಇಳಿಯುತ್ತಿತ್ತು.

"ಒಂದು ಹುಡುಗಿ ಅದ ಅತ್ತಿಗಿ. ನಾಲಗಿ ನಿಂದೇ" ಎಂದೆ.

ಕಣ್ಣು ಬಿಟ್ಟಳು. "ಮೊದಲ ಹೇಳಿದ್ಯಾ?"

"ಹೇಳ್ದೆ."

"ನಂಬಿದ್ರಾ?"

"ತಾಯಿ ನಂಬ್ಯಾಳ. ಅಪ್ಪ ಒಲ್ಲೆ ಅನ್ನಾಕತ್ಯಾನ."

"ಮತ್ತ ಇಲ್ಲಿ ಯಾಕ ನಿಂತಿ? ಹೋಗು."

ಹೋದೆ. ಆ ತಂದೆಯನ್ನು ಒಪ್ಪಿಸಲು ಎರಡು ದಿನ ಅವನ ಹಿಂದೆ ಹೊಲದಿಂದ ಹೊಲಕ್ಕೆ ತಿರುಗಿದೆ. ಮೂರನೆಯ ದಿನ ಹುಡುಗಿಯನ್ನು ಯಾದಗಿರಿಗೆ ಕರೆತಂದು ಡಾಕ್ಟರ ಮುಂದೆ ಕೂರಿಸಿದೆವು. ನಾಲ್ಕನೆಯ ದಿನ ಮುದನಾಳ ಮುಟ್ಟಿದಾಗ ಅತ್ತಿಗೆಯನ್ನು ಮಣ್ಣು ಮಾಡಿ ಒಂದು ದಿನವಾಗಿತ್ತು.

ಅವಳು ಕಳೆದುಕೊಂಡ ನೌಕರಿಯ ಪಿಂಚಣಿಯಲ್ಲೇ ನಾನು ಇವತ್ತು ಉಣ್ಣುತ್ತಿದ್ದೇನೆ. ಅವಳು ನನ್ನನ್ನು ಕ್ಷಮಿಸಿದಳೆಂದು ಎಲ್ಲೂ ಹೇಳಿಕೊಂಡಿಲ್ಲ, ಏಕೆಂದರೆ ಅವಳು ಹಾಗೆ ಹೇಳಲಿಲ್ಲ. ನನ್ನ ಎರಡು ಶಬ್ದ ಅವಳ ಹತ್ತು ವರ್ಷವನ್ನೂ ಮುಂದಿನ ಆಯುಷ್ಯವನ್ನೂ ತಿಂದವು. ಅದು ಇವತ್ತಿಗೂ ನನಗೆ ನಂಬಲಾಗದ ಸಂಗತಿ. ಮಾಡಿದವನು ನಾನೇ ಆದರೂ.

ಆ ನಾಲ್ಕನೆಯ ದಿನ ನಾನು ಮುದನಾಳದ ಅಂಗಳದಲ್ಲಿ ನಿಂತೇ ಇದ್ದೆ. ಸ್ಮಶಾನದ ದಾರಿ ಕೇಳಲು ಯಾರ ಮುಖವನ್ನೂ ನೋಡಲಾಗಲಿಲ್ಲ. ಮನೆಯಲ್ಲಿ ಒಲೆ ಹೊತ್ತಿಸಿರಲಿಲ್ಲ. ಅವಳ ಮಗಳು ನೆರೆಮನೆಯಿಂದ ತಾಟಿನಲ್ಲಿ ರೊಟ್ಟಿ, ಪುಂಡಿಪಲ್ಯ ತಂದು ನನ್ನ ಮುಂದೆ ಇಟ್ಟಳು.

"ಅವ್ವ ಹೇಳ್ಯಾಳ್ರಿ. ಅವ ಬಂದ್ರ ಮೊದಲ ಉಣ್ಣಾಕ ಹಾಕ್ರಿ, ಆಮ್ಯಾಲ ಮಣ್ಣಿಗಿ ಕಳಸ್ರಿ ಅಂತ."

ನಾನು ತಾಟು ಮುಟ್ಟಲಿಲ್ಲ. ಅವಳು ಹೋಗಲೂ ಇಲ್ಲ. ಕತ್ತಿನ ಮೇಲಿನ ಹೊಸ ಗಾಯಕ್ಕೆ ಕೈ ಹಚ್ಚಿಕೊಂಡು ನಿಂತು ಕೇಳಿದಳು: "ಕಡೇಚೂರಿನ ಹುಡುಗಿ ದವಾಖಾನಿಗಿ ಬಂದಳೇನ್ರಿ?"

"ಬಂದಳವ್ವ."

"ಹಂಗಾರ ಉಣ್ರಿ" ಎಂದಳು.